ಮಿಸ್ತ್ರಿ ಕಾಕಾನ ಕಾಂಚಿನ ಮುಚ್ಚಳ

ಮೊನ್ನೆ ಮಗಳ ಹೊಲಿಗೆ ಕ್ಲಾಸಿಗೆ ಬೋರ್ಡು ಮಾಡಿಸಲೆಂದು ಚಿತ್ತಾಪುರದ ಬಜಾರಿನ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಕಾದ ಸರಳಿನ ಮೇಲಿಟ್ಟು ಅಂಚು ಬಗ್ಗಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿಯಿತು. ಅತಿಯಾಗಿ ಮಾಗಿದ ಹಣ್ಣಿನದೂ ಅಲ್ಲ, ಔಷಧಿಯದೂ ಅಲ್ಲ, ಎರಡರ ನಡುವಿನ ಒಂದು ಕಟು ವಾಸನೆ. ಒಂದು ಕಾಲಕ್ಕೆ ನನ್ನ ಅಡುಗೆಮನೆಯೆಲ್ಲ ಅದೇ ವಾಸನೆ ಹೊಡೆಯುತ್ತಿತ್ತು. ನಮ್ಮತ್ತೆ ಆಗ ಬದುಕಿದ್ದರೆ ಹಿಟ್ಟು ನಾದುವ ಪರಾತದ ಸಮೇತ ನನ್ನನ್ನು ಹೊರಗೆ ಹಾಕುತ್ತಿದ್ದರು...

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಹೊಸತು. ನಾನು ಸೇಡಂನಿಂದ ಮದುವೆಯಾಗಿ ಶಹಾಬಾದಿಗೆ ಬಂದಿದ್ದೆ. ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ. ನಮ್ಮ ಬಾಡಿಗೆ ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡೇ ಒಂದು ತಗಡಿನ ಶೆಡ್ಡು. ಅದರಲ್ಲಿ ಮಿಸ್ತ್ರಿ ಕಾಕಾ ಇರುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಶೆಡ್ಡು ಅವರದಲ್ಲ, ಕಲ್ಲಿನ ಖಣಿಗಳ ಸಾವಕಾರರದು. ಸಾವಕಾರರ ಲಾರಿ, ಜೀಪುಗಳ ರಿಪೇರಿ ಕಾಕಾನ ಕೆಲಸ. ಅವೆಲ್ಲಕ್ಕಿಂತ ಹೆಚ್ಚಾಗಿ, ಸಾವಕಾರರ ತಂದೆಯ ಕಾಲದ ಒಂದು ವಿಲಾಯತಿ ಕಾರು ಇತ್ತು. ಕರೀ ಬಣ್ಣ, ದುಂಡು ಕಣ್ಣು. ಅದನ್ನು ಕಾಕಾ ಬಿಟ್ಟು ಬೇರೆಯವರು ಮುಟ್ಟುವಂತಿರಲಿಲ್ಲ.

ಕಾಕಾನಿಗೆ ಕಿವಿ ಕೇಳುವುದಿಲ್ಲ ಎಂದು ಊರಿನಲ್ಲಿ ಮೊದಲು ತಿಳಿದದ್ದು ನನಗೆ. ಅವರ ಸ್ಟೋವಿನ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಗೋಡೆಯ ಈಚೆಯಿಂದ ಗಂಟಲು ಹರಿಯುವಂತೆ ಕೂಗಿದೆ. ಮಿಸುಕಲಿಲ್ಲ. ಸಿಟ್ಟು ಬಂದು ಹೋಗಿ ನೋಡಿದರೆ, ಓಡುತ್ತಿರುವ ಎಂಜಿನ್ನಿನ ಮೇಲೆ ಬಗ್ಗಿ, ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಅದರ ತುದಿ ಎಂಜಿನ್ನಿಗೆ ತಾಗಿತ್ತು. ಕಣ್ಣು ಮುಚ್ಚಿತ್ತು. ನನ್ನ ನೆರಳು ಬಿದ್ದದ್ದೇ ತಡ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಅದನ್ನು ಕೆಳಗಿಟ್ಟರು.

ಖಣಿಯಲ್ಲಿ ಸುರಂಗದ ಮದ್ದು, ಕಲ್ಲು ಕೊರೆಯುವ ಯಂತ್ರ... ವರ್ಷಗಟ್ಟಲೆ ಅದರ ಪಕ್ಕದಲ್ಲೇ ದುಡಿದ ಕಿವಿ. ಮೊದಮೊದಲು ಸರಳನ್ನು ಕಿವಿಗೆ ಆನಿಸಿ ಎಂಜಿನ್ನಿನ ಸದ್ದು ಕೇಳುತ್ತಿದ್ದರಂತೆ. ಕಿವಿ ಹೋದ ಮೇಲೆ ಹಲ್ಲಿಗೆ. ಈಗ ಹಲ್ಲಿನಲ್ಲೂ ಬರೀ ಗುಂಯ್ ಎನ್ನುವ ನಡುಕ, ಒಳಗಿನ ಸಣ್ಣ ಸದ್ದು ತಿಳಿಯುವುದಿಲ್ಲ ಎಂದರು.

"ಯಾರಿಗೂ ಹೇಳಬ್ಯಾಡ ಯವ್ವಾ. ಗೊತ್ತಾದ್ರ ಸಾವಕಾರ್ರು ಶೆಡ್ಡಿನ ಕೀಲಿ ಕಸ್ಕೋತಾರ. ಎಂಜಿನ್ ಬಿಟ್ರ ನನಗ ಬ್ಯಾರೆ ಏನು ಬರ್ತದ?"

ಎದುರಿಗಿದ್ದವರ ತುಟಿ ನೋಡಿಯೇ ಅವರು ಮಾತು ತಿಳಿದುಕೊಳ್ಳುತ್ತಿದ್ದರು. ನನ್ನ ತುಟಿ ಕಾಣುವ ಹಾಗೆ ಎದುರಿಗೆ ನಿಂತು "ನಾ ಯಾಕ ಹೇಳ್ಲಿ ಕಾಕಾ?" ಎಂದೆ. ಹೇಳಲೂ ಇಲ್ಲ. ಯಜಮಾನರಿಗೂ ಹೇಳಲಿಲ್ಲ. ಅದಕ್ಕಾಗಿ ನನಗೆ ಅಂದೂ ಬೇಸರವಿಲ್ಲ, ಇಂದೂ ಇಲ್ಲ. ಒಬ್ಬ ಮನುಷ್ಯ ತನ್ನ ಅನ್ನದ ದಾರಿ ಕಾಯ್ದುಕೊಳ್ಳುತ್ತಿದ್ದ, ಅಷ್ಟೇ.

ಹಾಗೆ ಹುಟ್ಟಿದ್ದು ಕಾಂಚಿನ, ಅಂದರೆ ಗಾಜಿನಂಥ, ಮುಚ್ಚಳ. ನನಗೆ ಮೋಟಾರಿನ ಗಂಧಗಾಳಿ ಇರಲಿಲ್ಲ, ಕಾಕಾನೇ ತಿಳಿಸಿ ಹೇಳಿದರು. ಎಂಜಿನ್ನಿನ ತಲೆಯ ಮೇಲೆ ಒಂದು ತಗಡಿನ ಮುಚ್ಚಳ ಇರುತ್ತದೆ, ವಾಲ್ವ್ ಕವರು. ಅದರ ಕೆಳಗೆ ಸಾಲಾಗಿ ಕಬ್ಬಿಣದ ಗಿಡ್ಡ ತೋಳುಗಳು, ಬಾವಿಯ ಏತದ ಹಾಗೆ ಒಂದು ಕಡೆ ಏಳುತ್ತ ಒಂದು ಕಡೆ ಬೀಳುತ್ತ ವಾಲ್ವುಗಳನ್ನು ಒತ್ತುತ್ತವೆ. ಸಂದು ಹೆಚ್ಚಾದರೆ ಟಕಟಕ ಸದ್ದು ಮಾಡುತ್ತವೆ. ಆ ಟಕಟಕವೇ ಕೇಳದಿದ್ದರೆ? ಕಣ್ಣಿನಿಂದಲಾದರೂ ನೋಡಬೇಕು. ಮುಚ್ಚಳ ತೆಗೆದು ಓಡಿಸಿದರೆ ಎಣ್ಣೆ ಮುಖಕ್ಕೆಲ್ಲ ಸಿಡಿಯುತ್ತದೆ. ಮುಚ್ಚಳವೂ ಇರಬೇಕು, ಒಳಗೂ ಕಾಣಬೇಕು.

ಟಾಕೀಸಿನವರು ಪೋಸ್ಟರಿನ ಮುಂದೆ ಹಾಕಿ, ಒಡೆದಾಗ ಎಸೆದಿದ್ದ ದಪ್ಪ ಪ್ಲಾಸ್ಟಿಕ್ ಹಾಳೆಯ ತುಂಡುಗಳನ್ನು ಹೊತ್ತು ತಂದರು. ಅದಕ್ಕೆ ಅವರು ಪ್ಲಾಸ್ಟಿಕ್ ಕಾಂಚು ಎನ್ನುತ್ತಿದ್ದರು. ತಗಡಿನ ಮುಚ್ಚಳದ್ದೇ ಆಕಾರಕ್ಕೆ ಜಾಲಿ ಕಟ್ಟಿಗೆಯ ಅಚ್ಚು ಕೆತ್ತಿದರು. ಇನ್ನು ಹಾಳೆಯನ್ನು ಮೆತ್ತಗೆ ಮಾಡಿ ಅಚ್ಚಿನ ಮೇಲೆ ಬಗ್ಗಿಸಬೇಕು. ಮೊದಲು ಚುರುಮುರಿ ಭಟ್ಟಿಯ ಬಿಸಿ ಮರಳಿನಲ್ಲಿ ಬಟ್ಟೆ ಸುತ್ತಿ ಹೂತಿಟ್ಟು ನೋಡಿದರು. ಬಟ್ಟೆಯ ನೇಯ್ಗೆಯೆಲ್ಲ ಹಾಳೆಯ ಮೇಲೆ ಅಚ್ಚೊತ್ತಿ, ಕಣ್ಣಿಗೆ ಪೊರೆ ಬಂದ ಹಾಗಾಯಿತು. ಆಗ ನನ್ನ ಬಾಗಿಲಿಗೆ ಬಂದರು.

"ಯವ್ವಾ, ಎಣ್ಣ್ಯಾಗ ಕಾಸಿದ್ರ ಹ್ಯಾಂಗ?"

ಪರಾತದ ತುಂಬ ಕುಸುಬಿ ಎಣ್ಣೆ! ಎಣ್ಣೆಯ ಡಬ್ಬಿ ಅವರೇ ತಂದಿದ್ದರು, ಆದರೂ ನನ್ನ ಜೀವ ಚುರ್ರ್ ಎಂದಿತು. "ನಿಮ್ಮ ಎಂಜಿನ್ನಿಗೆ ಭಜಿ ಮಾಡಿ ಹಾಕ್ಬೇಕಂತೀರೇನು?" ಎಂದು ಬೈದೆ. ನಕ್ಕರು. ಮಾಡಿದೆ. ಕಡಲೆಹಿಟ್ಟಿನ ಹನಿ ಬಿಟ್ಟು ಎಣ್ಣೆಯ ಹದ ನೋಡುವುದು ನನ್ನ ಪಾಲು: ಹನಿ ತಳದಲ್ಲೇ ಕೂತರೆ ಹಾಳೆ ಬಗ್ಗದು, ಬಿಟ್ಟೊಡನೆ ಮೇಲೆದ್ದರೆ ಹಾಳೆಯೊಳಗೆ ಗುಳ್ಳೆ. ಸಾವಕಾಶ ತೇಲಿ ಬರಬೇಕು. ಕಾಕಾ ಅಚ್ಚು ಹಿಡಿದು ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಬ್ಬದ ದಿನದ ಹುಡುಗನ ಹಾಗೆ ಮತ್ತೆ ಮತ್ತೆ ಕೇಳುವರು, "ಎಣ್ಣಿ ಕಾದದೇನು? ಯವ್ವಾ, ಎಣ್ಣಿ ಕಾದದೇನು?" ನಾನು ಕೈ ಎತ್ತಿದರೆ ಕಾದಿದೆ ಎಂದರ್ಥ. ಆಗ ಎದ್ದು ಬಂದು, ಹಸಿ ಹಪ್ಪಳದಂತೆ ಬಳುಕುವ ಹಾಳೆಯನ್ನು ಎತ್ತಿ ಅಚ್ಚಿನ ಮೇಲೆ ಹಾಕಿ, ದಪ್ಪ ಕೈಗವಸು ತೊಟ್ಟ ಅಂಗೈಗಳಿಂದ ಒತ್ತಿ ಹಿಡಿದು, ಅದು ತಣಿಯುವ ತನಕ ಉಸಿರೇ ಬಿಡುತ್ತಿರಲಿಲ್ಲ.

ಎಷ್ಟೋ ತುಂಡು ಕೆಟ್ಟವು. ಕೊನೆಗೊಂದು ನೆಟ್ಟಗೆ ಬಂತು. ಅದನ್ನು ಆ ವಿಲಾಯತಿ ಕಾರಿನ ಎಂಜಿನ್ನಿಗೆ ಕೂಡಿಸಿ ಚಾಲೂ ಮಾಡಿದಾಗ ನನ್ನನ್ನೂ ಕರೆದರು. ಅಯ್ಯೋ ಶಿವನೇ, ಒಳಗೆ ಆ ಗಿಡ್ಡ ತೋಳುಗಳು ಎಣ್ಣೆಯಲ್ಲಿ ಮಿಂದು ಏಳುತ್ತ ಬೀಳುತ್ತ ಇದ್ದವು! ಕಾಕಾ ಒಂದು ತೋಳಿನತ್ತ ಬೆರಳು ತೋರಿಸಿ, "ಇದು ಒಂದ ಸ್ವಲ್ಪ ಸಡಲಾಗ್ಯದ. ಕಾಣ್ಲಿಕತ್ತದ ನೋಡು" ಎಂದರು. ನನಗೇನೂ ಕಾಣಲಿಲ್ಲ. ಅವರ ಕಣ್ಣಲ್ಲಿ ನೀರು ಕಂಡಿತು.

ಎಂಜಿನ್ನಿನ ಹದ ನೋಡುವಾಗ ಕಾಂಚಿನ ಮುಚ್ಚಳ, ರಸ್ತೆಗೆ ಹೋಗುವಾಗ ತಗಡಿನದು. ಇದು ಕಾಕಾ ಮಾಡಿಕೊಂಡ ಕಟ್ಟುಪಾಡು. ಎಣ್ಣೆಯಲ್ಲಿ ಕಾಸಿ ಮೆತ್ತಗಾದದ್ದು ಎಂಜಿನ್ನಿನ ಕಾವಿಗೂ ಒಂದು ದಿನ ಮೆತ್ತಗಾಗುತ್ತದೆ ಎಂಬುದು ನನಗೇ ಗೊತ್ತಿದ್ದ ಮೇಲೆ ಅವರಿಗೆ ಗೊತ್ತಿರದೆ? ಆದರೆ ಸಾವಕಾರರು ಒಮ್ಮೆ ಶೆಡ್ಡಿಗೆ ಬಂದು ತೋಳುಗಳ ಆ ಕುಣಿತ ನೋಡಿಬಿಟ್ಟರು. ಮುಗಿಯಿತು. ಕಂಡ ಕಂಡವರನ್ನು ಕರೆತಂದು ತೋರಿಸುವ ಶೋಕಿ ಹತ್ತಿತು. ಮಗನ ನಿಶ್ಚಯಕ್ಕೆ ಅದೇ ಕಾರಿನಲ್ಲಿ ಚಿಂಚೋಳಿಗೆ ಹೊರಟ ದಿನ, ಬೀಗರಿಗೂ ತೋರಿಸಬೇಕು, ಅದೇ ಮುಚ್ಚಳ ಇರಲಿ ಎಂದರು. ಬೇಸಿಗೆಯ ನಡುಮಧ್ಯಾಹ್ನ.

ಕಾಕಾ ಕೈ ಮುಗಿದದ್ದನ್ನು ನಾನು ಗೋಡೆಯ ಮೇಲಿಂದ ನೋಡಿದೆ. "ಮಾಲಕ್, ಅಲ್ಲಿ ಹ್ವಾದ ಮ್ಯಾಲ ಕೂಡಿಸ್ತೀನಿ. ದಾರ್‍ಯಾಗ ಬ್ಯಾಡ್ರಿ. ಕಾವಿಗಿ ತಡ್ಯಂಗಿಲ್ಲ ಅದು."

"ಬೀಗರ ಮನಿ ಅಂಗಳದಾಗ ಎಣ್ಣಿ ಕೈ ಮಾಡ್ಕೋತ ಕುಂದರ್‍ತೀಯೇನು? ನಡಿ ನಡಿ, ನೀನೂ ಹತ್ತು" ಎಂದು ಸಾವಕಾರರು ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕಾಕಾ ಡ್ರೈವರಿನ ಪಕ್ಕಕ್ಕೆ ಹತ್ತಿ ಕೂತರು.

ಮುಂದಿನದು ಡ್ರೈವರು ಹೇಳಿದ್ದು. ಕಾಳಗಿ ದಾಟಿದ ಮೇಲೆ ಬಾನೆಟ್ಟಿನ ಸಂದಿಯಿಂದ ಹೊಗೆ. ಮುಚ್ಚಳ ಮೆತ್ತಗಾಗಿ ಜೋತು, ಎಣ್ಣೆ ಸೋರಿ, ಕೆಂಪಗೆ ಕಾದ ಹೊಗೆಕೊಳವೆಯ ಮೇಲೆ ಬಿದ್ದು ಹೊತ್ತಿಕೊಂಡಿತ್ತು. ಗಾಡಿ ನಿಲ್ಲಿಸಿದರು. ಕಾಕಾ ಎಲ್ಲರಿಗಿಂತ ಮೊದಲು ಇಳಿದು ಮುಂದೆ ಓಡಿದರು. ಕೆಳಗೆ ಉರಿ ಕಂಡ ಡ್ರೈವರು ಬಾನೆಟ್ಟು ಎತ್ತಬೇಡಿ ಎಂದು ಹಿಂದಿನಿಂದ ಒಂದೇ ಸಮನೆ ಒದರಿದ. ಹಿಂದಿನಿಂದ ಒದರಿದರೆ ಅವರಿಗೆ ಹೇಗೆ ತಿಳಿಯಬೇಕು... ಎತ್ತಿದರು. ಗಾಳಿ ಸಿಕ್ಕ ಬೆಂಕಿ ಭಗ್ಗೆಂದು ಮುಖಕ್ಕೆ ಬಂತು.

ಸುದ್ದಿ ಬಂದಾಗ ನಾನು ಮಿರ್ಚಿ ಭಜಿ ಕರಿಯುತ್ತಿದ್ದೆ. ಬಾಣಲೆ ಇಳಿಸಿ, ಉಟ್ಟ ಸೀರೆಯಲ್ಲೇ ಯಜಮಾನರ ಜೊತೆ ರೈಲು ಹತ್ತಿದೆ. ಜಿಲ್ಲೆಯ ದೊಡ್ಡ ದವಾಖಾನೆಯ ವರಾಂಡದಲ್ಲಿ ಸಾವಕಾರರು ಯಾರಿಗೋ ಹೇಳುತ್ತಿದ್ದರು, "ಕಿವುಡ ಅಂತ ಮೊದ್ಲ ಗೊತ್ತಿದ್ರ ಇಟ್ಕೊತಿದ್ದಿಲ್ಲ ನೋಡ್ರಿ." ಆ ಮಾತನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಕಾಕಾನ ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಕಣ್ಣಿಗೂ ಸುತ್ತಿದ್ದರು. ಮೂಗು, ಬಾಯಿ ಮಾತ್ರ ಹೊರಗೆ. "ಯಾರದೀರಿ? ಯಾರರ ಅದೀರೇನು?" ಎಂದು ಸಣ್ಣ ದನಿಯಲ್ಲಿ ಕೇಳುತ್ತಲೇ ಇದ್ದರು. ನಾನು ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು, ಅವರಿಗೆ ಮುಟ್ಟಲಿಲ್ಲ. ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ. ಬಂದವಳು ನಾನು ಎಂದು ಆ ಮನುಷ್ಯನಿಗೆ ಯಾವ ಬಾಗಿಲಿನಿಂದ ತಿಳಿಸಲಿ?

ಅಳು ತಡೆಯದೆ ಬಗ್ಗಿದಾಗ ನನ್ನ ಸೆರಗು ಅವರ ಮುಖದ ಹತ್ತಿರ ಜಾರಿತು. ಕುಸುಬಿ ಎಣ್ಣೆ, ಕಡಲೆಹಿಟ್ಟಿನ ವಾಸನೆ ಹಿಡಿದ ಸೆರಗು. ಕಾಕಾ ಮೂಗನ್ನು ಸೆರಗಿನತ್ತ ತಿರುಗಿಸಿದರು. ಒಮ್ಮೆ ಉಸಿರು ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು.

"ಯವ್ವಾ... ಎಣ್ಣಿ ಕಾದದೇನು?"

ನಾನು ಕೈ ಎತ್ತಿದೆ. ಎತ್ತಿದ ಮೇಲೆ, ಅದು ಅವರಿಗೆ ಕಾಣುವುದಿಲ್ಲ ಎಂದು ನೆನಪಾಯಿತು. ಕಾಲು ಹಿಡಿದು ಒತ್ತಿದೆ. ಅದನ್ನು ಅವರು ಹೌದು ಎಂದು ತಿಳಿದರೋ ಇಲ್ಲವೋ... ಮರುದಿನ ಹೋಗಿಬಿಟ್ಟರು. ಶೆಡ್ಡಿಗೆ ಬೇರೆ ಮಿಸ್ತ್ರಿ ಬಂದ, ನಮಗೆ ವಾಡಿ ಸ್ಟೇಷನ್ನಿಗೆ ವರ್ಗವಾಯಿತು. ಆ ಪರಾತದಲ್ಲಿ ನಾನು ಮತ್ತೆ ಹಿಟ್ಟು ನಾದಲಿಲ್ಲ.

ಚಿತ್ತಾಪುರದ ಅಂಗಡಿಯವನು ಹಾಳೆಯನ್ನು ಸರಳಿನ ಮೇಲೆ ಹಿಡಿದು, ಮೆತ್ತಗಾಯಿತೋ ಇಲ್ಲವೋ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದ. ನನ್ನ ಕೈ ತಾನಾಗಿ ಮೇಲೆದ್ದಿತು.

"ಕಾದದ ಕಾಕಾ, ಕಾದದ."

ಅವನು ಕೆಲಸ ನಿಲ್ಲಿಸಿ ತಿರುಗಿದ. "ಏನಂದ್ರಿ ಅಮ್ಮಾ?"

"ನಿನಗಲ್ಲಪ್ಪಾ" ಎಂದೆ.