ಗಟರಿಗೆ ಬೀಳಬೇಕಿದ್ದ ಮೂಗು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಪುಟದಕ್ಕ ಎನ್ನುತ್ತಿದ್ದರು. ಅಂಟು, ಕತ್ತರಿಯ ಕಾಲದಿಂದ ಕಂಪ್ಯೂಟರಿನವರೆಗೆ ಇಪ್ಪತ್ತಾರು ವರ್ಷ ಒಂದೇ ಮಾಸಪತ್ರಿಕೆಯ ಪುಟ ಕಟ್ಟಿದವಳು. ಒಮ್ಮೆ ಮನೆಯಿಂದ ಪ್ರೆಸ್ಸಿಗೆ ಫೋನು ಮಾಡಿ, "ಬ್ಲೀಡ್ ಸಾಲದು, ಇನ್ನೂ ಮೂರು ಮಿಲಿಮೀಟರ್ ಬೇಕು" ಎಂದಾಗ, ಯಾರಿಗೆ ಏನಾಯಿತೋ ಎಂದು ಅತ್ತೆ ಹೌಹಾರಿದ್ದರು. ಚಿತ್ರವನ್ನು ಕತ್ತರಿಸುವ ಗೆರೆಯಾಚೆಗೆ ಚಾಚುವುದಕ್ಕೆ ಆ ಹೆಸರು ಎಂದು ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು.

ಅತ್ತೆಯೇನೋ ನಕ್ಕು ಮರೆತರು. ಪತ್ರಿಕೆಯ ಯಜಮಾನರು ಮರೆಯುವ ಪೈಕಿಯಲ್ಲ.

ಐವತ್ತನೆಯ ವರ್ಷದ ಸಂಚಿಕೆಯಲ್ಲಿ ತಮ್ಮ ಮುಖ ಎರಡು ಪುಟದ ತುಂಬ ಬರಬೇಕೆಂದು ಅವರಿಗೆ ಆಸೆ. ಎದುರುಬದುರು ಪುಟಗಳು ಕೂಡುವ, ಬೈಂಡಿಂಗಿನಲ್ಲಿ ಮುಚ್ಚಿಹೋಗುವ ಸಂದಿಗೆ ಈ ಕಸುಬಿನವರು ಗಟರು ಎನ್ನುತ್ತಾರೆ. ಪುಟದಕ್ಕ ತುಂಬಿದ ಸಭೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹೀಗೆ ಹಾಕಿದ್ರೆ ನಿಮ್ಮ ಮೂಗು ಗಟರಿಗೆ ಬೀಳುತ್ತೆ ಸಾರ್."

ಯಜಮಾನರ ಮುಖ ಕೆಂಪಾಯಿತು. ಪತ್ರಿಕೆ ಅಪ್ಪನಿಂದ ಬಂದಿತ್ತೇ ಹೊರತು ಅದರ ಭಾಷೆ ಬಂದಿರಲಿಲ್ಲ. ಅವರಿಗೆ ಗೊತ್ತಿದ್ದ ಗಟರು ರಸ್ತೆ ಬದಿಯದೊಂದೇ.

"ಸಂಚಿಕೆ ಬರೋದ್ರೊಳಗೆ ಕ್ಷಮೆ ಬರೆದುಕೊಡಿ. ಇಲ್ಲಾಂದ್ರೆ ಅವತ್ತೇ ನಿಮಗೆ ಕೊನೆ ದಿನ. ಫೋಟೋ ನಾ ಹೇಳಿದ ಹಾಗೇ ಹೋಗ್ಲಿ."

ಸಂಪಾದಕರು ಹಿಂದೆಯೇ ಬಂದು ಪಿಸುಗುಟ್ಟಿದರು. "ಎರಡು ಸಾಲು ಗೀಚಿ ಕೊಡಮ್ಮ. ಮೂಗು ಹೋದ್ರೆ ಹೋಗ್ಲಿ, ಅವರಿಗೂ ಬುದ್ಧಿ ಬರುತ್ತೆ."

"ಮೂಗು ಅವರದಿರಬಹುದು ಸಾರ್, ಪುಟ ನಂದು. ಕೆಟ್ಟ ಪುಟ ಕಳಿಸಲ್ಲ. ಗಟರನ್ನ ಗಟರು ಅಂದಿದ್ದಕ್ಕೆ ಕ್ಷಮೇನೂ ಕೇಳಲ್ಲ."

ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲೇ. ಭಯವಾಯಿತು, ನಿಜ. ಆದರೂ ಮುಖವನ್ನು ಇಡಿಯಾಗಿ ಬಲಪುಟಕ್ಕೆ ಸರಿಸಿ, ಎಡಪುಟಕ್ಕೆ ಭುಜವನ್ನೂ ಹಿಂದಿನ ಪುಸ್ತಕದ ಕಪಾಟನ್ನೂ ಬಿಟ್ಟು ಪ್ರೆಸ್ಸಿಗೆ ಕಳಿಸಿದಳು. ಯಜಮಾನರು ಬಯಸಿದ ಪುಟವನ್ನೂ ಒಂದು ಪ್ರತಿ ತೆಗೆದು, ಪತ್ರಿಕೆಯ ಹಾಗೆಯೇ ಸಂದಿಗೆ ಪಿನ್ನು ಹೊಡೆದು ಮೇಜಿನೊಳಗೆ ಇಟ್ಟುಕೊಂಡಳು.

ಸಂಚಿಕೆ ಬಂದ ದಿನ ಯಜಮಾನರು ಅವಳ ಮೇಜಿನ ಮುಂದೆ ಪುಟ ಬಿಡಿಸಿದರು. ಮುಖ ಲಕ್ಷಣವಾಗಿ ಬಂದಿತ್ತು; ಅದು ಬಲಕ್ಕೆ ಸರಿದದ್ದು ಅವರ ಗಮನಕ್ಕೆ ಬರಲಿಲ್ಲ.

"ಎಲ್ಲಿ ಬಿತ್ತು ಗಟರಿಗೆ? ಸುಮ್ನೆ ಹೆದರಿಸಿದ್ರಿ. ಕೊಡಿ, ಆ ಕ್ಷಮೆ ಪತ್ರ."

ಅವಳು ಪತ್ರದ ಬದಲು, "ನೀವು ಹೇಳಿದ ಹಾಗೆ ಹಾಕಿದ್ದಿದ್ರೆ ಹೀಗಿರ್ತಿತ್ತು" ಎಂದು ಪಿನ್ನು ಹೊಡೆದ ಪ್ರತಿಯನ್ನು ಅವರ ಕೈಗಿಟ್ಟಳು. ಎರಡು ಕಣ್ಣು ಒಂದಕ್ಕೊಂದು ಅಂಟಿಕೊಂಡಿದ್ದವು, ನಡುವೆ ಏನೂ ಇರಲಿಲ್ಲ. ಮೂಗಿಲ್ಲದ ಯಜಮಾನರನ್ನು ಯಜಮಾನರು ಬಹಳ ಹೊತ್ತು ನೋಡಿದರು.

"ಈ ಸಂದಿಗೆ ಬೇರೆ ಹೆಸರಿಲ್ವಾ?"

"ಇದ್ದಿದ್ರೂ ಗಟರು ಅಂತಲೇ ಅಂತಿದ್ದೆ ಸಾರ್. ಮುಂದಿನ ಸಂಚಿಕೆ ಪುಟ ಯಾರು ಕಟ್ಟಬೇಕು, ಈಗಲೇ ಹೇಳಿಬಿಡಿ."

"ನೀವೇ ಕಟ್ಟಿ" ಎಂದರು ಯಜಮಾನರು, ಮೂಗು ಮುಟ್ಟಿಕೊಳ್ಳುತ್ತ.