ತೇವ ಹತ್ತದ ಸಾಲು

ಸಂತೆಕಲ್ಲೂರಿನ ನಿಶಾತ್ ಮಣ್ಣಿನ ಶಾಸ್ತ್ರ ಓದಿದವಳು. ಹನಿ ನೀರಾವರಿಯ ಪೈಪಿನಿಂದ ತೊಟ್ಟಿಕ್ಕಿದ ನೀರು ನೆಲದೊಳಗೆ ಎತ್ತ ಹರಡುತ್ತದೆ, ಎಷ್ಟು ಆಳ ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರ ಮಾಡುವುದು ಅವಳ ಕೆಲಸ. ಎರೆ ನೆಲವಾದರೆ ತೇವ ಉಳ್ಳಾಗಡ್ಡಿಯಂತೆ ಅಗಲಕ್ಕೆ ಉಬ್ಬುತ್ತದೆ, ಮರಳು ನೆಲವಾದರೆ ಗಜ್ಜರಿಯಂತೆ ಕೆಳಕ್ಕೆ ಇಳಿಯುತ್ತದೆ ಎಂದು ರೈತರಿಗೆ ತಿಳಿಹೇಳುತ್ತಿದ್ದಳು.

ಮಸ್ಕಿ ಹಾದಿಯಲ್ಲಿ ಗದ್ದೆಪ್ಪ, ಯಂಕಮ್ಮ ದಂಪತಿಯ ದಾಳಿಂಬೆ ತೋಟವಿದೆ. ಅಲ್ಲಿ ಅವಳು ತೇವ ಅಳೆಯುವ ಸೆನ್ಸರ್‌ಗಳನ್ನು ಹುಗಿದಿದ್ದಳು. ಮೂಲೆಯ ಒಂದು ಸಾಲು ಬಿಟ್ಟು ಎಲ್ಲ ಕಡೆ ಲೆಕ್ಕ ಸರಿಹೋಯಿತು. ಆ ಸಾಲಿಗೆ ಎಷ್ಟು ಹೊತ್ತು ನೀರು ಬಿಟ್ಟರೂ ತೇವ ಹರಡುತ್ತಿರಲಿಲ್ಲ, ಗಿಡಗಳು ಬಾಡುತ್ತಿದ್ದವು. ಪೈಪು ಕಟ್ಟಿಕೊಂಡಿಲ್ಲ, ಹನಿ ಬೀಳುತ್ತಲೇ ಇದೆ. ಹಾಗಾದರೆ ನೀರು ಹೋಗುವುದೆಲ್ಲಿಗೆ? ಅಂಕಿ ಬದಲಿಸಿ ಬದಲಿಸಿ ಬೇಸತ್ತ ನಿಶಾತ್, ಅಗೆದೇ ನೋಡೋಣ ಎಂದಳು.

ಯಂಕಮ್ಮ ಸಲಿಕೆ ಹಿಡಿದಳು. ಅಷ್ಟಿಷ್ಟು ಅಗೆಯುವುದರೊಳಗೆ ನೆಲ ಬಾಯಿಬಿಟ್ಟಿತು. ಎದುರಿಗೆ ನಿಂತಿದ್ದ ಯಂಕಮ್ಮ ಕಂಕುಳವರೆಗೆ ಮಣ್ಣೊಳಗೆ ಇಳಿದುಬಿಟ್ಟಿದ್ದಳು. ಅಡ್ಡಬಿದ್ದ ಸಲಿಕೆಯ ಕಾವಿಗೆ ತೋಳು ಸಿಕ್ಕಿಸಿಕೊಂಡು ಜೋತುಬಿದ್ದಿದ್ದಳು.

"ಕಾಲಿಗೆ ಏನೂ ಹತ್ತವಲ್ದವ್ವ," ಎಂದಳು ಮೆಲ್ಲಗೆ. "ಕೆಳಗ ನೆಲಾನ ಇಲ್ಲ."

ನಿಶಾತ್‌ಗೆ ತಾನು ನಿಂತ ಜಾಗದ ಅಡಿಯಲ್ಲಿ ಏನಿದೆಯೋ ಎಂದು ಕಾಲು ಎತ್ತಿಡಲೂ ಭಯವಾಯಿತು. ಬೋರಲು ಮಲಗಿ, ತೆವಳುತ್ತ ಹೋಗಿ ಯಂಕಮ್ಮನ ಮುಂಗೈ ಹಿಡಿದಳು. ಗದ್ದೆಪ್ಪ ಓಡಿಬಂದು ಹಗ್ಗ ಎಸೆದ. ಇಬ್ಬರೂ ಎಳೆದು ಹಾಕುವಾಗ ಸಲಿಕೆ ಜಾರಿ ಒಳಗೆ ಬಿತ್ತು. ಎಷ್ಟೋ ಕೆಳಗೆ ನೀರಿನ ಸದ್ದು ಕೇಳಿಸಿತು.

ಸುದ್ದಿ ಕೇಳಿ ಬಂದ ಮುದುಕ ದಾವಲ್‌ಸಾಬ್ ಬಗ್ಗಿ ನೋಡಿ, ಇದು ಹಗೇವು ಎಂದ. ಹಿಂದೆ ಜೋಳ ತುಂಬಿ ಮುಚ್ಚಿಡುತ್ತಿದ್ದ ಗುಂಡಿ. ಅಲ್ಲೊಂದು ಊರಿತ್ತೆಂದು ಅವನ ಅಜ್ಜ ಹೇಳುತ್ತಿದ್ದನಂತೆ. ಗದ್ದೆಪ್ಪನಿಗೆ ಅದೇನೂ ಗೊತ್ತಿರಲಿಲ್ಲ. ಹನಿಹನಿಯಾಗಿ ಇಳಿದ ನೀರು ಗುಂಡಿಯ ಮುಚ್ಚಳದ ಮಣ್ಣನ್ನು ಮೆತ್ತಗೆ ಮಾಡಿ ಒಳಕ್ಕೆ ಸೋರಿಹೋಗುತ್ತಿತ್ತು.

ಆ ಮಾತು ಕೇಳುತ್ತಿದ್ದಂತೆ ನಿಶಾತ್‌ಗೆ ಇನ್ನೊಂದು ಸೆನ್ಸರ್ ನೆನಪಾಯಿತು. ಅದೂ ಹೀಗೇ ಒಣ ಅಂಕಿ ತೋರಿಸುತ್ತಿತ್ತು. ಕೆಟ್ಟಿರಬೇಕೆಂದು ಅವಳು ಅದನ್ನು ಲೆಕ್ಕದಿಂದ ತೆಗೆದಿದ್ದಳು. ಅದು ಇದ್ದದ್ದು ಬೇವಿನ ಮರದ ಕೆಳಗೆ. ಯಂಕಮ್ಮನ ಮೊಮ್ಮಗಳು ಮಲಗಿದ್ದ ಜೋಲಿ ಕಟ್ಟಿದ್ದೂ ಅದೇ ಮರಕ್ಕೆ.

"ಕಾಕಾ, ಕೂಸಿನ್ನ ಎತ್ಕೊಳ್ರಿ. ಮೊದಲ ಎತ್ಕೊಳ್ರಿ."

ಗದ್ದೆಪ್ಪ ಯಾಕೆಂದು ಕೇಳದೆ ಓಡಿದ. ಕೂಸನ್ನು ಬದುವಿಗೆ ತಂದ ಮೇಲೆ ದೂರ ನಿಂತು ಹಾರೆ ಚುಚ್ಚಿದರೆ, ಜೋಲಿಯ ನೇರ ಕೆಳಗೆ ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಯಂಕಮ್ಮ ಕೂಸನ್ನು ನಿಶಾತ್‌ಳ ಮಡಿಲಿಗೆ ಹಾಕಿದಳು. "ಹಿಡ್ಕೊ ಅವ್ವ, ನನ್ನ ಮೈಯೆಲ್ಲ ಮಣ್ಣಾಗೈತಿ."

ಎರಡೂ ಗುಂಡಿಗೆ ಗರಸು ಮಣ್ಣು ತುಂಬಿಸಿದರು, ಪೈಪು ಆಚೆ ಸರಿಸಿದರು. ಯಂಕಮ್ಮನಿಗೆ ಪಕ್ಕೆ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆ ಮೂಲೆಗೆ ಅವಳು ಈಗಲೂ ಒಬ್ಬಳೇ ಹೋಗುವುದಿಲ್ಲ.