ಹೆಚ್ಚಿದೆ ಎಂದ ಜಂಬಣ್ಣ

ಜಂಬಣ್ಣನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಹೊಗಳಲು ಹೇಳುತ್ತಿಲ್ಲ, ಅದೊಂದು ಕಾಯಿಲೆ. ಮನೆಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಎನ್ನುತ್ತಿದ್ದ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಹಾಗೇ. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಕುಂಕುಮ ಖಾಲಿ ಎನ್ನಬಾರದು, ಹೆಚ್ಚಿದೆ ಎನ್ನಬೇಕು. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಒಳಗೆ ಬಂದು ಕೂರುತ್ತದೆ ಎಂದು ಭಯ. ಅವನ ತಾಯಿ ಚಿಕ್ಕಂದಿನಲ್ಲೇ ತುಟಿಯ ಮೇಲೆ ಹೊಡೆದು ಇದನ್ನು ಕಲಿಸಿದ್ದಳಂತೆ.

ಇಂಥವನ ಕಸುಬು ಏನೆಂದರೆ ಮೈಕಿನಲ್ಲಿ ಕೂಗುವುದು. ಆಟೋ ನನ್ನದು, ಗಂಟಲು ಅವನದು. ಆಟೋದ ನೆತ್ತಿಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಭದ್ರಾವತಿಯ ಜನ್ನಾಪುರ, ಹಳೇನಗರ, ಕಾರ್ಖಾನೆಯ ಕ್ವಾರ್ಟರ್ಸು ಎಲ್ಲ ಸುತ್ತುತ್ತಿದ್ದೆವು. ಕನ್ನಡದಲ್ಲಿ ಕೂಗಿ, ತಮಿಳಿನವರ ಬೀದಿ ಬಂದರೆ ತಮಿಳಿಗೆ ಹೊರಳುತ್ತಿದ್ದ, ತೆಲುಗಿನವರ ಬೀದಿಯಲ್ಲಿ ತೆಲುಗಿಗೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು ಇವನನ್ನು ನೋಡಿಯೇ ಹುಟ್ಟಿರಬೇಕು. ಒಮ್ಮೆ ನಾಳೆ ನಲ್ಲಿ ನೀರು ಬಿಡುವುದಿಲ್ಲ ಎಂದು ಕೂಗಬೇಕಿತ್ತು. ಇವನು ‘ನಾಡಿದ್ದು ನೀರು ಬಿಡುತ್ತಾರೆ’ ಎಂದು ಕೂಗಿಕೊಂಡು ಬಂದ. ಮಾರನೆಯ ದಿನ ಹೆಂಗಸರು ಖಾಲಿ ಕೊಡ ಹಿಡಿದು ಅವನ ಬಾಗಿಲಿಗೇ ಬಂದರು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆವತ್ತು ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ತೊಂಬತ್ತೆಂಟರ ದೀಪಾವಳಿಗೆ ಶಿವಮೊಗ್ಗದ ದುರ್ಗಿಗುಡಿಯಿಂದ ಶಿವಯೋಗಪ್ಪನವರು ಕರೆಸಿದರು. ಸ್ಟೀಲ್ ಪಾತ್ರೆಯ ಅಂಗಡಿ, ಮಹಡಿಯ ಮೇಲೆ. ಬೀದಿಯಿಂದ ಹತ್ತಲು ಒಂದೇ ಮೆಟ್ಟಿಲು, ಎರಡು ಗೋಡೆಗಳ ನಡುವೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ಹಿಂದೆ ಇನ್ನೊಂದು ಮೆಟ್ಟಿಲಿತ್ತು, ಅದು ಅಂಗಡಿಯವರಿಗೆ ಮಾತ್ರ. ಹಳೇ ಪಾತ್ರೆ ತಂದವರಿಗೆ ಅರ್ಧ ಬೆಲೆಗೆ ಹೊಸ ಕುಕ್ಕರ್ ಎಂದು ಊರೆಲ್ಲ ಸಾರಬೇಕು ಎಂದರು.

ಮೊದಲ ದಿನವೇ ಜನ್ನಾಪುರದ ಟೀ ಅಂಗಡಿಯಲ್ಲಿ ಲಾಯರ್ ಪ್ರಸನ್ನಕುಮಾರ್ ನಮ್ಮನ್ನು ತಡೆದರು.

“ಎಷ್ಟಿದಾವೆ ಜಂಬಣ್ಣ, ಕುಕ್ಕರು?”

“ಇದಾವೆ ಸಾರ್.”

“ಎಷ್ಟು ಅಂತ ಕೇಳಿದ್ದು. ಹಬ್ಬದ ಟೈಮಲ್ಲಿ ಹಿಂಗೆ ಊರಿಗೆಲ್ಲ ಸಾರಿದ ಮೇಲೆ ಬರೋರಿಗೆ ಸಾಕಾಗೋಷ್ಟು ಮಾಲು ಇಟ್ಟಿರ್ಬೇಕು. ಸ್ವಲ್ಪವೇ ಇದ್ರೆ ಮೊದಲೇ ಹೇಳ್ಬೇಕು. ಆಸೆ ತೋರ್ಸಿ ಕರ್ಕೊಂಡು ಬಂದು ಬೇರೆ ಮಾಲು ಮಾರೋದು ಕಾನೂನಿಗೆ ವಿರುದ್ಧ. ನಿಮ್ಮ ಸಾಹುಕಾರ್ರಿಗೆ ಹೇಳು.”

ಜಂಬಣ್ಣ ಹೇಳಿದ. ಸಾಹುಕಾರರು ನಕ್ಕರು.

“ಇಪ್ಪತ್ತು ತರ್ಸಿದೀನಿ ಕಣಯ್ಯಾ. ಇಪ್ಪತ್ತು ಅಂತ ಕೂಗಿದ್ರೆ ಭದ್ರಾವತಿಯಿಂದ ಯಾರು ಬಸ್ ಹತ್ತುತಾರೆ? ಸ್ಟಾಕ್ ಇರುವವರೆಗೆ ಮಾತ್ರ ಅಂತ ಕೊನೇಲಿ ಸೇರ್ಸು. ಬೇಗ ಬೇಗ ಹೇಳಿ ಮುಗ್ಸು. ಬಂದೋರು ಬರಿಗೈಲಿ ಹೋಗಲ್ಲ, ಒಂದು ಲೋಟನಾದ್ರೂ ತಗೋತಾರೆ.”

ಅಲ್ಲಿಂದ ಮುಂದೆ ಜಂಬಣ್ಣ ‘ಸ್ಟಾಕ್ ಇರುವವರೆಗೆ ಮಾತ್ರ’ ಎಂಬ ಮೂರು ಮಾತನ್ನು ಕೆಮ್ಮಿನಂತೆ ಹೇಳಿ ಮುಗಿಸುತ್ತಿದ್ದ. ನನಗೇ ಸರಿಯಾಗಿ ಕೇಳುತ್ತಿರಲಿಲ್ಲ, ಇನ್ನು ಒಲೆಯ ಮುಂದೆ ಕೂತವರಿಗೆ ಏನು ಕೇಳೀತು.

ಅರ್ಧ ಬೆಲೆ ಎಂದದ್ದನ್ನು ಕೇಳಿಸಿಕೊಂಡವರಲ್ಲಿ ಅವನ ಹೆಂಡತಿ ಚೌಡಮ್ಮನೂ ಒಬ್ಬಳು. ಮಗಳು ಮೈತ್ರಿಗೆ ಆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಅಳಿಯ ಮೊದಲ ದೀಪಾವಳಿಗೆ ಬರುವವನಿದ್ದ. ಅಳಿಯನ ಮುಂದೆ ತಳ ಸುಟ್ಟ ಅಲ್ಯುಮಿನಿಯಂ ಪಾತ್ರೆಯಲ್ಲಿ ಅನ್ನ ಬಸಿಯುವುದು ಹೇಗೆ ಎಂದು ಅವಳಿಗೆ ಸಂಕಟ. ಮಾರಾಟದ ಹಿಂದಿನ ಸಂಜೆ ನಾನು ಅವರ ಜಗಲಿಯಲ್ಲೇ ಕೂತಿದ್ದೆ. ಚೌಡಮ್ಮ ಹಬ್ಬಕ್ಕೆಂದು ಕೈತುಂಬ ಹಸಿರು ಬಳೆ ಇಡಿಸಿಕೊಂಡು ಬಂದಿದ್ದಳು.

“ರೀ, ನಂಗೂ ಒಂದು ಕುಕ್ಕರ್ ಸಿಗ್ತದಾ? ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬರ್ತೀನಿ.”

ಇವನು ಒಂದನ್ನು ತೆಗೆದಿಡಿ ಎಂದು ಸಾಹುಕಾರರನ್ನು ಕೇಳಿ, ‘ಲೈನಲ್ಲಿ ಬರ್ಲಿ’ ಎನ್ನಿಸಿಕೊಂಡು ಬಂದಿದ್ದ. ಇರುವುದು ಇಪ್ಪತ್ತು ಎಂದು ಗೊತ್ತಿತ್ತು. ‘ಸಿಗೋದಿಲ್ಲ, ಬರಬೇಡ’ ಎಂದರೆ ಆಗುತ್ತಿತ್ತು. ಅವನು ನನ್ನ ಮುಖ ನೋಡಿದ, ಅವಳ ಬಳೆ ನೋಡಿದ.

“ನೋಡಣ ಬಾ” ಎಂದ.

ಗಂಡ ಹೆಂಡಿರ ಮಾತು, ನಾನು ಯಾಕೆ ಬಾಯಿ ಹಾಕಲಿ ಎಂದು ಎದ್ದು ಬಂದೆ.

ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಲ್ಲಿಸುವ ಹೊತ್ತಿಗೇ ದುರ್ಗಿಗುಡಿಯ ಬೀದಿ ತುಂಬಿತ್ತು. ಪ್ರತಿ ಹೆಂಗಸಿನ ಕೈಯಲ್ಲೂ ಒಂದು ಹಳೇ ಪಾತ್ರೆ. ಹೊಳೆಹೊನ್ನೂರಿನಿಂದ ಬಂದವರಿದ್ದರು, ಹೊಳಲೂರಿನವರಿದ್ದರು, ಕ್ವಾರ್ಟರ್ಸಿನವರಂತೂ ದಂಡಿಗೆ ದಂಡೇ ಬಂದಿದ್ದರು. ಹಬ್ಬದ ಜನ ಮಾತಾಡಬೇಕು, ನಗಬೇಕು. ಇವರು ಯಾರೂ ನಗುತ್ತಿರಲಿಲ್ಲ. ಎಲ್ಲರ ಕಣ್ಣೂ ಮೆಟ್ಟಿಲ ಮೇಲೆ. ಒಳಗೆ ಪಾತ್ರೆಗಳು ಗೋಡೆಗೆ ತಾಗುವ ಸದ್ದು ಮಾತ್ರ ಬರುತ್ತಿತ್ತು. ಚೌಡಮ್ಮ ಮೆಟ್ಟಿಲ ನಡುವೆ ಇದ್ದಳು. ತಲೆಯ ಮೇಲೆತ್ತಿ ಹಿಡಿದ ಪಾತ್ರೆ, ಹಸಿರು ಬಳೆಯ ಎರಡು ಕೈ, ಅಷ್ಟು ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಸಾಹುಕಾರರು ಹಿಂದಿನ ಮೆಟ್ಟಿಲಿಳಿದು ಆಟೋ ಹತ್ತಿರ ಬಂದರು. ಅಂಗಿ ಬೆವರಿಗೆ ಅಂಟಿಕೊಂಡಿತ್ತು.

“ಜಂಬಣ್ಣ, ಮಾಲು ಹೋಯ್ತು. ಜನಕ್ಕೆ ಹೇಳು. ಲಕ್ಷ್ಮೀಪೂಜೆ ದಿನ ನನ್ನ ಅಂಗಡಿ ಮುಂದೆ ಇಲ್ಲ, ಮುಗೀತು ಅಂತೆಲ್ಲ ಅನ್ಬೇಡ. ಹೆಚ್ಚಿದೆ ಅನ್ನು.”

ಹೇಳಿಕೊಡಬೇಕೇ ಅವನಿಗೆ? ಮೈಕು ಎತ್ತಿಕೊಂಡ.

“ತಾಯಂದಿರೇ, ಕುಕ್ಕರ್ ಹೆಚ್ಚಿದೆ. ಅಮ್ಮಂದಿರೇ, ಹೆಚ್ಚಿದೆ, ಹೆಚ್ಚಿದೆ.”

ಮೆಟ್ಟಿಲ ಮೇಲಿದ್ದ ವಯಸ್ಸಾದವರಿಗೆ ಅರ್ಥವಾಯಿತು. ಪಾತ್ರೆ ಸೊಂಟಕ್ಕೆ ಇರುಕಿಕೊಂಡು ಇಳಿಯಲು ತಿರುಗಿದರು. ಬೀದಿಯಲ್ಲಿದ್ದವರಿಗೆ, ಕ್ವಾರ್ಟರ್ಸಿನವರಿಗೆ, ಚಿಕ್ಕ ವಯಸ್ಸಿನವರಿಗೆ ಕೇಳಿಸಿದ್ದು ಬೇರೆ. ಕುಕ್ಕರ್ ಇನ್ನೂ ಬಂದಿದೆ, ಜಾಸ್ತಿ ಇದೆ ಎಂದುಕೊಂಡರು. ಅವರೆಲ್ಲ ಒಟ್ಟಿಗೆ ಮೆಟ್ಟಿಲಿಗೆ ನುಗ್ಗಿದರು. ಇಳಿಯುವವರೂ ಹತ್ತುವವರೂ ಆ ಎರಡು ಗೋಡೆಗಳ ನಡುವೆ ಎದುರಾದರು.

ನನಗೆ ತಕ್ಷಣ ಹೊಳೆಯಿತು. ಜಂಬಣ್ಣನ ಭುಜ ಹಿಡಿದು ಅಲ್ಲಾಡಿಸಿದೆ.

“ಇಲ್ಲ ಅನ್ನೋ ಮಾರಾಯ. ಮುಗೀತು ಅನ್ನೋ.”

ಅವನ ತುಟಿ ಅಲ್ಲಾಡಿತು. ಮತ್ತೆ ‘ಹೆಚ್ಚಿದೆ’ ಎಂದೇ ಬಂತು. ನಾನು ಮೈಕು ಕಿತ್ತುಕೊಂಡು ಕೂಗಿದೆ, ಅಷ್ಟರಲ್ಲಿ ಪಾತ್ರೆಗಳು ಒಂದರ ಹಿಂದೆ ಒಂದು ಉರುಳಿ ಬೀದಿಗೆ ಬೀಳತೊಡಗಿದ್ದವು. ಹಸಿರು ಬಳೆಯ ಕೈ ಎಲ್ಲೂ ಕಾಣಲಿಲ್ಲ.

ಎಷ್ಟೋ ಜನಕ್ಕೆ ಪೆಟ್ಟಾಯಿತು, ಕೈಕಾಲು ಮುರಿಯಿತು. ಸತ್ತವಳು ಚೌಡಮ್ಮ ಒಬ್ಬಳೇ. ಮನೆಗೆ ತಂದಾಗ ಪಕ್ಕದ ಮನೆಯ ಉಚ್ಚಂಗಮ್ಮ ಅವಳ ಮಣಿಕಟ್ಟು ಒರೆಸುತ್ತ, “ಬಳೆ ಎಲ್ಲಾ ಹೆಚ್ಚಿದಾವಲ್ಲೋ ಜಂಬಣ್ಣ” ಎಂದು ಅತ್ತಳು.

“ಒಡೆದಿದಾವೆ ಅನ್ನಕ್ಕ” ಎಂದ ಜಂಬಣ್ಣ.

ಪೊಲೀಸರ ಮುಂದೆ ಶಿವಯೋಗಪ್ಪನವರು, “ನಾನು ಮುಗೀತು ಅಂತ ಹೇಳು ಅಂದೆ, ಅವನೇ ಹೆಚ್ಚಿದೆ ಅಂತ ಕೂಗಿದ” ಎಂದರು. ನಾಲಿಗೆ ಸೀಳಿಹೋಗಲಿಲ್ಲ. ನಾನು ಕೇಳಿದ್ದನ್ನು ನಾನು ಹೇಳಿದೆ, ಆಟೋದವನ ಮಾತು ಎಂದು ಪೊಲೀಸರು ತಳ್ಳಿಬಿಟ್ಟರು. ಪ್ರಸನ್ನಕುಮಾರ್ ಮನೆಗೇ ಬಂದು, ಇಪ್ಪತ್ತು ಇಟ್ಟುಕೊಂಡು ಊರನ್ನೆಲ್ಲ ಕರೆದದ್ದೇ ಮೂಲ ತಪ್ಪು, ದೂರು ಕೊಡು, ನಾನು ನಡೆಸುತ್ತೇನೆ ಎಂದರು. ಜಂಬಣ್ಣ ಕೈಮುಗಿದ.

“ಕೂಗಿದ್ದು ನನ್ನ ಗಂಟಲು ಸಾರ್.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಆಡಿಸಿದವನಿಗೆ ಏನೂ ಹೋಗುವುದಿಲ್ಲ, ಅದು ನನ್ನ ಸಿಟ್ಟು.

ಜಂಬಣ್ಣ ಆಮೇಲೆ ಮೈಕು ಮುಟ್ಟಲಿಲ್ಲ. ಜಗಲಿಯಲ್ಲಿ ಕೂತಿರುತ್ತಿದ್ದ. ಮುಂದಿನ ದೀಪಾವಳಿಯ ಹಿಂದಿನ ದಿನ ನಾನೂ ಅಲ್ಲೇ ಇದ್ದೆ. ಬೇರೆ ಯಾರದೋ ಆಟೋ ಜನ್ನಾಪುರಕ್ಕೆ ಬಂತು. ಅದೇ ಅಂಗಡಿ, ಅದೇ ಮಹಡಿ, ಈ ಸಲ ಹಳೇ ಒಲೆ ತಂದವರಿಗೆ ಅರ್ಧ ಬೆಲೆಗೆ ಗ್ಯಾಸ್ ಒಲೆ. ಕೊನೆಯ ಮೂರು ಮಾತು ಅದೇ ಕೆಮ್ಮಿನ ಹಾಗೆ ಬಂದು ಹೋಯಿತು.

ಜಂಬಣ್ಣ ಎದ್ದು ಚಪ್ಪಲಿಯಿಲ್ಲದೆ ಬೀದಿಗಿಳಿದ. ಆಟೋ ಹಿಂದೆ ಓಡುತ್ತ, ಬರೀ ಗಂಟಲಲ್ಲಿ ಕೂಗತೊಡಗಿದ.

“ಇಲ್ಲ. ಹೋಗಬೇಡಿ. ಅಲ್ಲಿ ಇಲ್ಲ, ಏನೂ ಇಲ್ಲ.”

ಕನ್ನಡದಲ್ಲಿ ಕೂಗಿದ, ತಮಿಳಿನಲ್ಲಿ ಕೂಗಿದ, ತೆಲುಗಿನಲ್ಲಿ ಕೂಗಿದ. ಹಾರ್ನಿನ ಸದ್ದಿನಲ್ಲಿ ಅವನ ದನಿ ನನಗೇ ಅಷ್ಟಾಗಿ ಕೇಳುತ್ತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಶಿವಮೊಗ್ಗದ ಮೊದಲ ಬಸ್ಸಿಗೆ ನಮ್ಮ ಬೀದಿಯ ಹೆಂಗಸರು ಹಳೇ ಒಲೆ ಹೊತ್ತು ನಿಂತಿದ್ದರು.